ಹಡಗು ಎಲ್ಲಿದೆ, ಒಳಗೇನಿದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಮುದ್ರದಲ್ಲಿ ಓಡುವ ಸರಕು ಹಡಗುಗಳನ್ನು ಈಗ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಅದಕ್ಕೆ ಪ್ರಶ್ನೆಗಳು ಬರುತ್ತಲೇ ಇವೆ, ಕರಾವಳಿಯಿಂದ ಮಾತ್ರ ಅಲ್ಲ, ಮಲೆನಾಡು, ಬಯಲುಸೀಮೆಯಿಂದಲೂ. ಒಂದೇ ಥರದವನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಪಣಂಬೂರು ಬೀಚಿನಲ್ಲಿ ನಿಂತರೆ ದೂರದಲ್ಲಿ ಹಡಗುಗಳು ಸುಮ್ನೆ ನಿಂತಿರುವುದು ಕಾಣುತ್ತದೆ. ನನ್ನ ಮಗ ಮೊಬೈಲ್ ತೆಗೆದು ಹೆಸರು, ದೇಶ, ವೇಗ ಎಲ್ಲ ಹೇಳಿಬಿಡುತ್ತಾನೆ. ಇದನ್ನೆಲ್ಲ ಯಾರು ಕೊಡುತ್ತಾರೆ? ಇಂಥದ್ದು ಗುಟ್ಟಾಗಿ ಇರಬೇಕಲ್ವಾ? (ಸುರತ್ಕಲ್)

ಉತ್ತರ: ಯಾರೂ ಕದ್ದು ನೋಡುತ್ತಿಲ್ಲ, ಹಡಗೇ ಹೇಳಿಕೊಳ್ಳುತ್ತಿದೆ. ದೊಡ್ಡ ಹಡಗುಗಳಲ್ಲಿ ಎಐಎಸ್ ಎಂಬ ಸಾಧನ ಇರುತ್ತದೆ. ನಾನು ಇಂಥ ಹಡಗು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಹೋಗುತ್ತಿದ್ದೇನೆ ಎಂದು ಅದು ರೇಡಿಯೋದಲ್ಲಿ ಬಿಡದೆ ಸಾರುತ್ತಿರುತ್ತದೆ. ಹಡಗು ಓಡುತ್ತಿದ್ದರೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಇದನ್ನು ಮಾಡಿದ್ದು ವ್ಯಾಪಾರದ ಗುಟ್ಟು ತಿಳಿಯಲಿಕ್ಕೆ ಅಲ್ಲ. ರಾತ್ರಿಯಲ್ಲಿ, ಮಂಜಿನಲ್ಲಿ, ಇಕ್ಕಟ್ಟಾದ ಜಲಸಂಧಿಯಲ್ಲಿ ಎರಡು ಹಡಗು ಡಿಕ್ಕಿ ಹೊಡೆಯಬಾರದು ಅಂತ ಮಾಡಿದ್ದು. ದೇಶದಿಂದ ದೇಶಕ್ಕೆ ಹೋಗುವ 300 ಗ್ರಾಸ್ ಟನ್ (ಹಡಗಿನ ಗಾತ್ರದ ಅಳತೆ) ಮೇಲಿನ ಹಡಗುಗಳಿಗೂ ಎಲ್ಲ ಪ್ರಯಾಣಿಕ ಹಡಗುಗಳಿಗೂ 2004ರ ಕೊನೆಯಿಂದ ಇದು ಕಡ್ಡಾಯ.

ಬಾಯಿಬಿಟ್ಟು ಸಾರಿದ್ದನ್ನು ಯಾರು ಬೇಕಾದರೂ ಕೇಳಬಹುದು ತಾನೆ? ದಡದ ಮೇಲೆ ಆಂಟೆನಾ ನೆಟ್ಟರೆ 40 ನಾಟಿಕಲ್ ಮೈಲಿ ಆಸುಪಾಸಿನ ಹಡಗುಗಳು ಸಿಗುತ್ತವೆ. ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ದಿಮಿತ್ರಿಸ್ ಲೆಕ್ಕಾಸ್ 2007ರಲ್ಲಿ ಇಂಥ ಆಂಟೆನಾಗಳ ಮಾಹಿತಿಯನ್ನು ಒಂದು ನಕ್ಷೆಗೆ ಹಾಕಿದರು. ಅದೇ ಇವತ್ತಿನ ಮೆರೈನ್‌ಟ್ರಾಫಿಕ್. ಆಮೇಲೆ ಉಪಗ್ರಹಗಳೂ ಈ ಸಂಕೇತವನ್ನು ಹಿಡಿಯಲು ಶುರು ಮಾಡಿದವು, ನಡು ಸಮುದ್ರವೂ ಕಾಣತೊಡಗಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳಿಗೆಲ್ಲ ಇದೇ ಬುಡ. ನಕ್ಷೆಯಲ್ಲಿ ಕಾಣುವ ಜಾಗ, ವೇಗ, ದಿಕ್ಕು ಯಂತ್ರ ತಾನಾಗಿ ಕಳಿಸಿದ್ದು. ಆದರೆ ಎಲ್ಲಿಗೆ ಹೋಗುತ್ತಿದೆ, ಯಾವಾಗ ತಲುಪುತ್ತದೆ, ನೀರಿನಲ್ಲಿ ಎಷ್ಟು ಆಳಕ್ಕೆ ಮುಳುಗಿದೆ, ನಿಂತಿದೆಯಾ ಓಡುತ್ತಿದೆಯಾ, ಇವನ್ನೆಲ್ಲ ಹಡಗಿನ ಅಧಿಕಾರಿ ಕೈಯಾರೆ ಟೈಪ್ ಮಾಡುತ್ತಾರೆ. ಟೈಪ್ ಮಾಡುವವರು ಮರೆಯುತ್ತಾರೆ, ತಪ್ಪು ಹಾಕುತ್ತಾರೆ, ಕೆಲವರು ಬೇಕಂತಲೇ ಸುಳ್ಳು ಹಾಕುತ್ತಾರೆ. ಯಾವುದು ಯಂತ್ರದ್ದು, ಯಾವುದು ಮನುಷ್ಯನದ್ದು ಅಂತ ಬೇರೆ ಮಾಡಿ ನೋಡುವವರಿಗೆ ಮಾತ್ರ ಈ ನಕ್ಷೆ ಉಪಯೋಗಕ್ಕೆ ಬರುತ್ತದೆ.

ನಿಂತ ಹಡಗುಗಳು ಸಾಮಾನ್ಯವಾಗಿ ಬರ್ತ್, ಅಂದರೆ ಬಂದರಿನ ಕಟ್ಟೆಯಲ್ಲಿ ಹಡಗು ನಿಲ್ಲುವ ಜಾಗ ಖಾಲಿಯಾಗಲಿ ಎಂದು ಕಾಯುತ್ತಿರುತ್ತವೆ. ಕಾಗದಪತ್ರ ಆಗಿರುವುದಿಲ್ಲ, ಇಲ್ಲವೇ ಮುಂದೆ ಎಲ್ಲಿಗೆ ಹೋಗಬೇಕೆಂದೇ ತೀರ್ಮಾನ ಆಗಿರುವುದಿಲ್ಲ. ತೀರಾ ದೊಡ್ಡ ಕಚ್ಚಾ ತೈಲದ ಟ್ಯಾಂಕರುಗಳು ಬಂದರಿನ ಒಳಗೆ ಬರುವುದೇ ಇಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ಗೆ ಹೋಗುವ ತೈಲವನ್ನು ದಡದಿಂದ ದೂರ ತೇಲುವ ಒಂದು ಬೋಯ್‌ಗೆ ಕಟ್ಟಿಕೊಂಡು, ಕಡಲಡಿಯ ಪೈಪಿಗೆ ಇಳಿಸುತ್ತವೆ. ನಿಮ್ಮ ಮಗನಿಗೆ ಇನ್ನೊಂದು ಹೇಳಿ. ಹಡಗಿನ ಕೆಳಭಾಗಕ್ಕೆ ಪಾಚಿ, ಚಿಪ್ಪು ಅಂಟದ ಹಾಗೆ ಬೇರೆ ಬಣ್ಣ ಬಳಿದಿರುತ್ತಾರೆ, ಹೆಚ್ಚಾಗಿ ಕೆಂಪು. ಖಾಲಿ ಹಡಗಾದರೆ ಆ ಕೆಂಪು ಅಗಲವಾಗಿ ನೀರಿನ ಮೇಲೆ ಕಾಣುತ್ತದೆ, ಮೂತಿಯ ಕೆಳಗಿನ ಉಬ್ಬು ಕೂಡ ಹೊರಗಿರುತ್ತದೆ. ತುಂಬಿದ್ದರೆ ಎರಡೂ ಮುಳುಗಿರುತ್ತವೆ. ಇದನ್ನು ಬೈನಾಕ್ಯುಲರ್‌ನಲ್ಲಿ ನೋಡಿ, ನಕ್ಷೆಯಲ್ಲಿ ಬರೆದದ್ದಕ್ಕೆ ತಾಳೆ ಹಾಕಲಿ.

ಪ್ರಶ್ನೆ: ನಮ್ಮ ಕಾಫಿ ಕ್ಯೂರಿಂಗ್‌ನವರ ಮೂಲಕ ಇಟಲಿಗೆ ಹೋಗುತ್ತದೆ. ಕೆಂಪು ಸಮುದ್ರದ ಗಲಾಟೆ ಶುರುವಾದ ಮೇಲೆ ಕೇಳಿದಾಗಲೆಲ್ಲ ‘ಹಡಗು ತಡ’ ಅನ್ನುತ್ತಾರೆ. ಇದು ನಿಜವೋ ಅಲ್ಲವೋ ನಾನೇ ನೋಡಬಹುದಾ? (ಚಿಕ್ಕಮಗಳೂರು)

ಉತ್ತರ: ನೋಡಬಹುದು, ಆದರೆ ಹಡಗಿನ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಮಂಗಳೂರಿನಿಂದ ಹೊರಟ ಕಂಟೇನರ್ ಸಾಮಾನ್ಯವಾಗಿ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ದೊಡ್ಡ ಬಂದರಿಗೆ ಹೋಗುತ್ತದೆ. ಅಲ್ಲಿ ಇಳಿದು, ಕೆಲವು ದಿನ ಯಾರ್ಡಿನಲ್ಲಿ ಕೂತು, ಯುರೋಪಿಗೆ ಹೋಗುವ ದೊಡ್ಡ ಹಡಗು ಹತ್ತುತ್ತದೆ. ಮೊದಲನೇ ಹಡಗನ್ನು ನೀವು ನೋಡುತ್ತಾ ಕೂತರೆ ಅದು ವಾಪಸ್ ಮಂಗಳೂರಿಗೇ ಬರುತ್ತದೆ, ನಿಮ್ಮ ಕಾಫಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಕ್ಯೂರಿಂಗ್‌ನವರ ಹತ್ತಿರ ಕಂಟೇನರ್ ನಂಬರ್ ಕೇಳಿ. ಮೊದಲು ನಾಲ್ಕು ಅಕ್ಷರ, ಆಮೇಲೆ ಏಳು ಅಂಕಿ ಇರುತ್ತದೆ. ಅದನ್ನೋ ಬಿಎಲ್ (ಸರಕು ಹಡಗಿಗೆ ಕೊಟ್ಟದ್ದಕ್ಕೆ ಸಿಗುವ ರಸೀದಿ) ನಂಬರನ್ನೋ ಆ ಶಿಪ್ಪಿಂಗ್ ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಪೆಟ್ಟಿಗೆ ಯಾವತ್ತು ಎಲ್ಲಿ ಇಳಿಯಿತು, ಯಾವ ಹಡಗು ಹತ್ತಿತು ಎಂದು ಬರುತ್ತದೆ. ಆ ಎರಡನೇ ಹಡಗಿನ ಹೆಸರನ್ನು ನಕ್ಷೆಯಲ್ಲಿ ಹುಡುಕಿ.

ಅದು ಏಡನ್ ಕೊಲ್ಲಿಯತ್ತ ಹೋಗದೆ ಆಫ್ರಿಕಾದ ಪಕ್ಕ ದಕ್ಷಿಣಕ್ಕೆ ಇಳಿಯುತ್ತಿದ್ದರೆ, ತಡ ಅಂದದ್ದು ನಿಜ. 2023ರ ನವೆಂಬರ್ 19ರಂದು ಯೆಮೆನ್ ದೇಶದ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ವಶ ಮಾಡಿಕೊಂಡರು. ಅದು ಟರ್ಕಿಯಿಂದ ನಮ್ಮ ಗುಜರಾತಿನ ಪಿಪಾವಾವ್‌ಗೆ ಬರುತ್ತಿದ್ದ ಹಡಗು. ಅದಾದ ಮೇಲೆ ದೊಡ್ಡ ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಅದರಿಂದ ಸರಾಸರಿ 10 ದಿನ ಹೆಚ್ಚು, ಕೆಲವು ಸಲ ಅದಕ್ಕಿಂತಲೂ ಜಾಸ್ತಿ ಸಮಯ ಹಿಡಿಯುತ್ತದೆ. ಇಂಧನದ ಖರ್ಚು, ಬಾಡಿಗೆ, ವಿಮೆ ಎಲ್ಲ ಅದರ ಮೇಲೆ. ಆಗ ಕೆಲವು ಹಡಗುಗಳು ‘ಎಲ್ಲಿಗೆ’ ಎಂಬ ಖಾನೆಯಲ್ಲಿ ಊರಿನ ಹೆಸರನ್ನೇ ಹಾಕುತ್ತಿರಲಿಲ್ಲ. ‘ಇಸ್ರೇಲ್ ಜತೆ ಸಂಬಂಧ ಇಲ್ಲ’, ‘ಸಿಬ್ಬಂದಿ ಎಲ್ಲ ಚೀನಿಯರು’ ಎಂದು ಟೈಪ್ ಮಾಡಿದ್ದವು. ಬಂದರಿನ ಹೆಸರು ಬರೆಯುವ ಜಾಗದಲ್ಲಿ ಪ್ರಾಣಭಯ ಬರೆದಿತ್ತು. ನಕ್ಷೆಯಲ್ಲಿ ಅದನ್ನು ಓದಿದಾಗ, ನಾವು ನೋಡುತ್ತಿರುವುದು ಬರೀ ಚುಕ್ಕೆಗಳಲ್ಲ, ಒಳಗೆ ಜನ ಇದ್ದಾರೆ ಎಂದು ನನಗೆ ತಟ್ಟಿತು.

ಕಂಟೇನರಿನ ಒಳಗೆ ಏನಿದೆ ಅಂತ ಮಾತ್ರ ಯಾವ ನಕ್ಷೆಯೂ ಹೇಳುವುದಿಲ್ಲ. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಜತೆ ಮುಳುಗಿತು. ಅದು ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಎಲ್ಲಿ ವಾಲಿತು ಎಂಬುದೆಲ್ಲ ನಕ್ಷೆ ನೋಡಿದವರಿಗೆ ಕೂಡಲೇ ತಿಳಿಯಿತು. ಆದರೆ 13 ಕಂಟೇನರಿನಲ್ಲಿ ಅಪಾಯದ ಸರಕಿದೆ, ಅದರಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದೆ ಎಂದು ತಿಳಿಯಲು ಹಡಗಿನ ಸರಕುಪಟ್ಟಿಯೇ ಬೇಕಾಯಿತು. ಅಂಥ ಪಟ್ಟಿ ಅವಘಡದ ಹೊತ್ತಿಗೆ ಮೀನುಗಾರರಿಗೂ ತಕ್ಷಣ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಾನು ಬೇಲೆಕೇರಿ ಅದಿರಿನ ಗದ್ದಲವನ್ನು ಕಣ್ಣಾರೆ ಕಂಡವನು. ಆಗ ಈ ನಕ್ಷೆ ಎಲ್ಲರ ಕೈಯಲ್ಲಿ ಇದ್ದಿದ್ದರೆ ಕಳ್ಳಸಾಗಣೆ ತಿಳಿಯುತ್ತಿತ್ತಾ? (ಅಂಕೋಲಾ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಓದುಗರಿಗೆ ನೆನಪಿಸುತ್ತೇನೆ: 2010ರಲ್ಲಿ ಅರಣ್ಯ ಇಲಾಖೆ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಅಲ್ಲಿಂದಲೇ ಹಡಗು ಹತ್ತಿ ಹೋಗಿತ್ತು. ಅದೇ ವರ್ಷ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, 2011ರಲ್ಲಿ ಲೋಕಾಯುಕ್ತ ವರದಿ ಬಂತು, ಮುಂದಿನದು ನಿಮಗೇ ಗೊತ್ತು.

ಬೇಲೆಕೇರಿಯಂಥ ಸಣ್ಣ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹೊರಗೆ ಲಂಗರು ಹಾಕಿ ನಿಲ್ಲುತ್ತದೆ, ಬಾರ್ಜ್ ಎಂಬ ಚಪ್ಪಟೆ ದೋಣಿಗಳು ದಡದಿಂದ ಅದಿರು ಹೊತ್ತು ಹೋಗಿ ಬಂದು ತುಂಬಿಸುತ್ತವೆ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಅಂದರೆ ಅದಿರು, ಕಲ್ಲಿದ್ದಲಿನಂಥದ್ದನ್ನು ರಾಶಿಯಾಗಿ ಒಯ್ಯುವ ಒಂದು ಬಲ್ಕ್ ಕ್ಯಾರಿಯರ್ ಖಾಲಿ ಬಂದು, ಏನೂ ವ್ಯಾಪಾರ ಇಲ್ಲದ ಜಾಗದಲ್ಲಿ ಹಲವು ದಿನ ನಿಂತು, ಹೊರಡುವಾಗ ಎಷ್ಟೋ ಮೀಟರ್ ಜಾಸ್ತಿ ಮುಳುಗಿ ನೇರ ಚೀನಾದ ಕಡೆ ಹೊರಟರೆ, ಅದು ಏನು ತುಂಬಿಕೊಂಡಿತು ಎಂದು ಊಹಿಸಲು ಪರಿಣತಿ ಬೇಕಿಲ್ಲ. ಎಷ್ಟು ಹಡಗು ಬಂತು, ಒಂದೊಂದರ ಸಾಮರ್ಥ್ಯ ಎಷ್ಟು ಎಂದು ಕೂಡಿಸಿ, ಪರ್ಮಿಟ್ ಕೊಟ್ಟ ಟನ್ನುಗಳ ಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ದಡದ ಮೇಲಿನ ಕಾಗದವನ್ನು ತಿದ್ದಬಹುದು. ಆದರೆ ತುಂಬಿದ ಹಡಗು ಮುಳುಗಿಯೇ ಮುಳುಗುತ್ತದೆ, ಹತ್ತಾರು ದೇಶದ ಆಂಟೆನಾಗಳ ಎದುರು ಹಾದುಹೋಗುತ್ತದೆ. ಆ ಎಲ್ಲ ಕಡೆಯ ದಾಖಲೆ ತಿದ್ದುವುದು ಒಂದು ಊರಿನ ಕಚೇರಿಯವರ ಕೈಲಾಗುವ ಕೆಲಸ ಅಲ್ಲ.

ನಕ್ಷೆಯೊಂದೇ ಕಳ್ಳರನ್ನು ಹಿಡಿದುಕೊಡುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ಲಾರಿಗಳ ಸಾಲು, ಕೆಂಪು ಧೂಳು ಆಗಲೂ ಎಲ್ಲರಿಗೂ ಕಾಣುತ್ತಿತ್ತಲ್ಲ. ಆದರೆ ‘ಎಷ್ಟು ಹೋಯಿತೋ ಗೊತ್ತಿಲ್ಲ’ ಎಂಬ ಉತ್ತರ ಇವತ್ತು ನಡೆಯುವುದಿಲ್ಲ. ಪತ್ರಕರ್ತರು, ಪರಿಸರದ ಕೆಲಸ ಮಾಡುವವರು ಇದನ್ನು ಕಲಿಯಲೇಬೇಕು ಅನ್ನುವುದು ಅದಕ್ಕೇ.

ಪ್ರಶ್ನೆ: ಅರ್ಥಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ ಸರ್. ಹಡಗುಗಳನ್ನು ಎಣಿಸಿ ಒಂದು ದೇಶದ ವ್ಯಾಪಾರ ಅಳೆಯುತ್ತಾರೆ ಎಂದು ಕೇಳಿದೆ. ಲೆಕ್ಕ ಹೇಗೆ ಹಾಕುತ್ತಾರೆ? ಎಷ್ಟು ನಂಬಬಹುದು? (ಧಾರವಾಡ)

ಉತ್ತರ: ಪ್ರಪಂಚದ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಶೇ 80ಕ್ಕಿಂತ ಜಾಸ್ತಿ ಸಮುದ್ರದ ಮೇಲೆ ಹೋಗುತ್ತದೆ. ಭಾರತದ ವಿದೇಶ ವ್ಯಾಪಾರದಲ್ಲಿ ತೂಕದಲ್ಲಿ ಸುಮಾರು ಶೇ 95, ಬೆಲೆಯಲ್ಲಿ ಸುಮಾರು ಶೇ 70 ಹಡಗಿನದು. ಈ ಎರಡು ಅಂಕಿ ನಡುವಿನ ಅಂತರವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಲ್ಲಿದ್ದಲು, ಅದಿರು, ತೈಲ ಭಾರ, ಟನ್ನಿಗೆ ಸಿಗುವ ದುಡ್ಡು ಕಡಿಮೆ. ಮೊಬೈಲ್, ವಜ್ರ, ಔಷಧಿ ಹಗುರ, ಬೆಲೆ ಜಾಸ್ತಿ, ಇವುಗಳಲ್ಲಿ ಎಷ್ಟೋ ವಿಮಾನ ಹತ್ತುತ್ತವೆ. ಹಡಗು ಎಣಿಸುವವರು ಟನ್ ಹೇಳಬಲ್ಲರು, ರೂಪಾಯಿಯನ್ನು ಅಷ್ಟು ಚೆನ್ನಾಗಿ ಹೇಳಲಾರರು.

ಲೆಕ್ಕ ಹೀಗೆ. ಬಂದರಿನ ಸುತ್ತ ನಕ್ಷೆಯ ಮೇಲೆ ಒಂದು ಬೇಲಿ ಹಾಕುತ್ತಾರೆ. ಅದರೊಳಗೆ ಯಾವ ಹಡಗು ಬಂತು, ಎಷ್ಟು ಹೊತ್ತು ನಿಂತಿತು, ಹೋಯಿತು ಎಂಬುದು ಯಂತ್ರದ ಮಾಹಿತಿಯಿಂದ ಸಿಗುತ್ತದೆ. ಹಡಗಿನ ಜಾತಿ ಗೊತ್ತು: ತೈಲದ್ದು, ಗ್ಯಾಸಿನದು, ಬಲ್ಕ್, ಕಂಟೇನರ್, ಕಾರು ಸಾಗಿಸುವುದು. ಅದರ ಸಾಮರ್ಥ್ಯ ದಾಖಲೆಯಲ್ಲಿದೆ. ಇನ್ನು ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಮುಳುಗಿರುವ ಆಳ. ವಿಎಲ್‌ಸಿಸಿ ಎನ್ನುವ ದೊಡ್ಡ ಟ್ಯಾಂಕರ್ 20 ಲಕ್ಷ ಬ್ಯಾರಲ್, ಸುಮಾರು 2.7 ಲಕ್ಷ ಟನ್ ತೈಲ ಹೊರುತ್ತದೆ. ಖಾಲಿ ಇದ್ದಾಗ 10 ಮೀಟರ್ ಆಸುಪಾಸು, ತುಂಬಿದಾಗ 20 ಮೀಟರ್ ಆಸುಪಾಸು ಮುಳುಗುತ್ತದೆ. ಬರುವಾಗ 20, ಹೋಗುವಾಗ 10 ಎಂದಿದ್ದರೆ ಇಳಿಸಿದೆ. ನಡುವೆ ಎಲ್ಲೋ ಇದ್ದರೆ ಅರ್ಧ ಇಳಿಸಿ ಉಳಿದದ್ದನ್ನು ಇನ್ನೊಂದು ಬಂದರಿಗೆ ಒಯ್ಯುತ್ತಿದೆ.

ಆದರೆ ಡ್ರಾಫ್ಟ್ ಕೈಯಲ್ಲಿ ಟೈಪ್ ಮಾಡುವ ಅಂಕಿ ಅಂದೆನಲ್ಲ? ಸರಕು ಇಳಿಸಿದ ಮೇಲೂ ಹಳೆಯ ಅಂಕಿಯನ್ನೇ ಬಿಟ್ಟು ಹೊರಡುವ ಹಡಗುಗಳು ಎಷ್ಟೋ. ಒಂದು ಹಡಗನ್ನು ನೋಡಿದರೆ ಈ ತಪ್ಪು ದೊಡ್ಡದು, ಸಾವಿರಾರು ಹಡಗು ಕೂಡಿಸಿದಾಗ ಅದರ ಪೆಟ್ಟು ಕಡಿಮೆಯಾಗುತ್ತದೆ. ಹಾಗಿದ್ದರೂ ಬಿಡುವ ಹಾಗಿಲ್ಲ, ಬಂದರಿನ ಏಜೆಂಟರ ವರದಿ, ಉಪಗ್ರಹದ ಚಿತ್ರ, ಕಸ್ಟಮ್ಸ್ ಅಂಕಿ ಜತೆ ತಾಳೆ ಹಾಕುತ್ತಲೇ ಇರಬೇಕು.

ಇದರ ಲಾಭ ಸಮಯ. ಕಸ್ಟಮ್ಸ್ ಲೆಕ್ಕ ತಿಂಗಳು ಮುಗಿದ ಮೇಲೆ ಬರುತ್ತದೆ, ದೇಶವಾರು, ಸರಕುವಾರು ವಿವರ ಇನ್ನೂ ತಡ. ಹಡಗು ಇವತ್ತೇ ಕಾಣುತ್ತದೆ. ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅರ್ಥಶಾಸ್ತ್ರಜ್ಞರು 2019ರಲ್ಲಿ ಪುಟ್ಟ ದ್ವೀಪ ದೇಶ ಮಾಲ್ಟಾವನ್ನು ತೆಗೆದುಕೊಂಡು, ಬಂದರಿಗೆ ಬಂದ ಹಡಗುಗಳಿಂದ ವ್ಯಾಪಾರದ ಅಂದಾಜು ಹೇಗೆ ಮಾಡಬಹುದೆಂದು ತೋರಿಸಿದರು. 2023ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜತೆ ಸೇರಿ ಪೋರ್ಟ್‌ವಾಚ್ ಎಂಬ ಜಾಲತಾಣ ಶುರು ಮಾಡಿದರು, ಅದರಲ್ಲಿ ಬಂದರು, ಕಾಲುವೆ, ಜಲಸಂಧಿಗಳ ದಿನದಿನದ ಅಂಕಿ ಉಚಿತವಾಗಿ ಸಿಗುತ್ತದೆ. 2024ರ ಮೊದಲ ಎರಡು ತಿಂಗಳಲ್ಲಿ ಸೂಯೆಜ್ ಮೂಲಕ ಹೋಗುವ ಸರಕು ಹಿಂದಿನ ವರ್ಷಕ್ಕೆ ಹೋಲಿಸಿದರೆ ಶೇ 50 ಇಳಿದಿದೆ, ಗುಡ್ ಹೋಪ್ ಕಡೆ ಶೇ 74 ಏರಿದೆ ಎಂದು ಮಾರ್ಚ್ ಹೊತ್ತಿಗೇ ಅವರು ಹೇಳಿದ್ದು ಇದರಿಂದಲೇ. ಪನಾಮಾ ಕಾಲುವೆಗೆ ನೀರು ಕೊಡುವ ಗಟೂನ್ ಸರೋವರ 2023ರಲ್ಲಿ ಮಳೆಯಿಲ್ಲದೆ ಇಳಿದು, ದಿನಕ್ಕೆ 36ರಷ್ಟು ಹಾಯುತ್ತಿದ್ದ ಹಡಗುಗಳನ್ನು 24ಕ್ಕೆ ಇಳಿಸಿದಾಗ ಹೊರಗೆ ಕಾಯುವ ಸಾಲು ಕೂಡ ಹೀಗೇ ಕಂಡಿತು. ನಿಮ್ಮ ಪ್ರಬಂಧಕ್ಕೆ ಪೋರ್ಟ್‌ವಾಚ್‌ನಲ್ಲಿ ಭಾರತದ ಒಂದೇ ಬಂದರು ಆರಿಸಿಕೊಳ್ಳಿ. ಹತ್ತು ಬಂದರು ಬೇಡ, ಒಂದನ್ನೇ ಆಳವಾಗಿ ನೋಡಿ.

ಪ್ರಶ್ನೆ: ಇದನ್ನೆಲ್ಲ ನೋಡಿ ಕಮಾಡಿಟಿ ಮಾರುಕಟ್ಟೆಯಲ್ಲಿ ದುಡ್ಡು ಮಾಡಬಹುದಾ? (ಬೆಂಗಳೂರು)

ಉತ್ತರ: ದಯವಿಟ್ಟು ಆ ಆಸೆಯಿಂದ ಬರಬೇಡಿ. ಕೆಪ್ಲರ್, ವೋರ್ಟೆಕ್ಸಾದಂಥ ಕಂಪನಿಗಳು ಇದೇ ಕೆಲಸಕ್ಕೆ ದೊಡ್ಡ ತಂಡ ಇಟ್ಟುಕೊಂಡಿವೆ, ಮೆರೈನ್‌ಟ್ರಾಫಿಕ್ ಕೂಡ 2023ರಲ್ಲಿ ಕೆಪ್ಲರ್ ಪಾಲಾಯಿತು. ನಿಮ್ಮ ಉಚಿತ ನಕ್ಷೆಯಲ್ಲಿ ಒಂದು ವಿಷಯ ಕಾಣುವ ಹೊತ್ತಿಗೆ ಬೆಲೆ ಅದನ್ನು ನುಂಗಿ ಮುಗಿಸಿರುತ್ತದೆ.

ಮಾರುಕಟ್ಟೆಯನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. 2018ರ ಜುಲೈ 6ರಂದು ಚೀನಾ ಅಮೆರಿಕದ ಸೋಯಾಬೀನ್ ಮೇಲೆ ಶೇ 25 ಸುಂಕ ಹಾಕಿತು. ಅದೇ ದಿನ ಪೀಕ್ ಪೆಗಾಸಸ್ ಎಂಬ ಹಡಗು ಸುಮಾರು 70,000 ಟನ್ ಅಮೆರಿಕದ ಸೋಯಾ ಹೊತ್ತು ಡಾಲಿಯನ್ ಬಂದರಿನ ಕಡೆ ಧಾವಿಸುತ್ತಿತ್ತು. ಚೀನಾದ ಅದೆಷ್ಟೋ ಜನ ನಕ್ಷೆಯಲ್ಲಿ ಅದನ್ನೇ ನೋಡುತ್ತಾ ‘ಬೇಗ ಬಾ’ ಎಂದು ಹುರಿದುಂಬಿಸಿದರು. ಕೆಲವೇ ಗಂಟೆ ತಡವಾಯಿತು. ಆಮೇಲೆ ಅದು ಸರಕು ಇಳಿಸದೆ, ವಾಪಸ್ಸೂ ಹೋಗದೆ ಒಂದು ತಿಂಗಳಿಗೂ ಜಾಸ್ತಿ ಅಲ್ಲೇ ಸಮುದ್ರದಲ್ಲಿ ಸುತ್ತಿತು. ಸುಂಕ ಯಾರು ಕಟ್ಟಬೇಕು, ಬೇರೆ ಕಡೆ ಮಾರಿದರೆ ಎಷ್ಟು ನಷ್ಟ, ಕಾದರೆ ದಿನದ ಬಾಡಿಗೆ ಎಷ್ಟು ಎಂಬ ಲೆಕ್ಕ ದಡದ ಮೇಲೆ ನಡೆಯುತ್ತಿತ್ತು. ಸುಂಕ ಅಂದರೆ ಏನು ಎಂದು ಪುಸ್ತಕ ಓದಿ ತಿಳಿಯದವರಿಗೂ ಆ ಸುತ್ತಾಟ ತಿಳಿಸಿತು.

ಇನ್ನೊಂದು: ‘ಎಲ್ಲಿಗೆ’ ಖಾನೆಯಲ್ಲಿ ಕೆಲವು ಟ್ಯಾಂಕರುಗಳು ‘ಫಾರ್ ಆರ್ಡರ್ಸ್’ ಎಂದು ಹಾಕಿರುತ್ತವೆ. ಅಂದರೆ ಸರಕು ಹೊರಟಿದೆ, ಕೊಳ್ಳುವವರು ಇನ್ನೂ ಖಾತ್ರಿಯಾಗಿಲ್ಲ, ದಾರಿಯಲ್ಲೇ ಕೈ ಬದಲಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋದ ದಿನಗಳಲ್ಲಿ ತುಂಬಿದ ಟ್ಯಾಂಕರುಗಳು ಕ್ಯಾಲಿಫೋರ್ನಿಯಾ, ಸಿಂಗಪುರದ ಮುಂದೆ ಗುಂಪಾಗಿ ನಿಂತಿದ್ದವು. ಇಳಿಸಲು ದಡದಲ್ಲಿ ಜಾಗ ಇರಲಿಲ್ಲ.

ಪ್ರಶ್ನೆ: ರಷ್ಯಾ ತೈಲ ತರುವ ಹಡಗುಗಳು ಕಾಣದ ಹಾಗೆ ಓಡಾಡುತ್ತವಂತೆ, ಹೌದಾ? ಹಾಗಿದ್ದರೆ ಭಾರತಕ್ಕೆ ಎಷ್ಟು ಬಂತು ಎಂದು ಪತ್ರಿಕೆಗಳು ಹೇಗೆ ಬರೆಯುತ್ತವೆ? (ಉಡುಪಿ)

ಉತ್ತರ: ಎಲ್ಲವೂ ಅಡಗುವುದಿಲ್ಲ. ಬಾಲ್ಟಿಕ್ ಸಮುದ್ರದ ಪ್ರಿಮೋರ್ಸ್ಕ್, ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್‌ನಿಂದ ಹೊರಟು ಗುಜರಾತಿನ ವಾಡಿನಾರ್, ಸಿಕ್ಕಾಕ್ಕೆ ಬಂದ ಟ್ಯಾಂಕರುಗಳನ್ನು ರಾಜಾರೋಷವಾಗಿ ನೋಡಬಹುದಿತ್ತು. 2022ರ ಯುದ್ಧಕ್ಕೆ ಮೊದಲು ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು. 2023ರಲ್ಲಿ ಮೂರನೇ ಒಂದು ಭಾಗ ದಾಟಿತ್ತು. ಸರ್ಕಾರಿ ಅಂಕಿ ಬರುವ ಮೊದಲೇ ಪತ್ರಿಕೆಗಳು ಬರೆದದ್ದು ಹಡಗು ಎಣಿಸುವ ಕಂಪನಿಗಳ ಲೆಕ್ಕ.

ರಷ್ಯಾ ತೈಲದ ಮೇಲೆ ಪಾಶ್ಚಾತ್ಯ ದೇಶಗಳು ಹಾಕಿದ ನಿರ್ಬಂಧದಿಂದ ತಪ್ಪಿಸಿಕೊಳ್ಳಲು ಅಡಗುವವು ಮೂರು ಥರ ಮಾಡುತ್ತವೆ. ಎಐಎಸ್ ಆರಿಸುತ್ತವೆ. ಇಲ್ಲವೇ ಸಮುದ್ರದ ನಡುವೆ ಇನ್ನೊಂದು ಹಡಗಿಗೆ ತೈಲ ದಾಟಿಸುತ್ತವೆ, ಗ್ರೀಸಿನ ಲಕೋನಿಯಾ ಕೊಲ್ಲಿ ಇದಕ್ಕೆ ಹೆಸರಾಗಿತ್ತು. ಕೆಟ್ಟದ್ದು ಮೂರನೆಯದು, ಸುಳ್ಳು ಜಾಗ ಸಾರುವುದು. ನಕ್ಷೆಯಲ್ಲಿ ಒಂದು ಕಡೆ ನಿಂತ ಹಾಗೆ ತೋರಿಸಿ ಹಡಗು ಬೇರೆಲ್ಲೋ ತುಂಬುತ್ತಿರುತ್ತದೆ. ಆದರೆ ರಾಡಾರ್ ಉಪಗ್ರಹಕ್ಕೆ ಮೋಡ, ಕತ್ತಲೆ ಯಾವುದೂ ಅಡ್ಡಿ ಅಲ್ಲ, ಸಂಕೇತ ಇದೆ ಎಂದ ಜಾಗದಲ್ಲಿ ಹಡಗು ಇಲ್ಲದಿದ್ದರೆ ಸಿಕ್ಕಿಬೀಳುತ್ತದೆ. ಒಡೆದು ಗುಜರಿಗೆ ಹಾಕಿದ ಹಡಗಿನ ಗುರುತಿನ ಸಂಖ್ಯೆಯನ್ನೇ ಹಾಕಿಕೊಂಡು ತಿರುಗಿದ ಟ್ಯಾಂಕರುಗಳೂ ಇವೆ.

ನನಗೆ ಇದರಲ್ಲಿ ನಿಜವಾಗಿ ಸಿಟ್ಟು ಬರುವುದು ಒಂದಕ್ಕೆ. ನಿರ್ಬಂಧ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಡಿಕ್ಕಿ ತಪ್ಪಿಸಲೆಂದು ಮಾಡಿದ ವ್ಯವಸ್ಥೆಗೆ ಸುಳ್ಳು ತುಂಬಿದರೆ ಪಕ್ಕದ ಹಡಗಿನವರ ಜೀವಕ್ಕೆ ಅಪಾಯ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಹೊಡೆದಾಡುವಾಗ ಹೊರ್ಮುಜ್ ಜಲಸಂಧಿಯ ಸುತ್ತ ಜಿಪಿಎಸ್ ಸಂಕೇತವನ್ನೇ ಕೆಡಿಸಿದ್ದರು, ನೂರಾರು ಹಡಗುಗಳು ನಕ್ಷೆಯಲ್ಲಿ ಇಲ್ಲದ ಜಾಗದಲ್ಲಿ ಕಾಣುತ್ತಿದ್ದವು. ಆ ನೀರಿನಲ್ಲಿ ಓಡಾಡುವ ಸಿಬ್ಬಂದಿಯಲ್ಲಿ ನಮ್ಮವರು ಎಷ್ಟೋ ಜನ.

ಪ್ರಶ್ನೆ: ಎಲ್ಲಾ ಹಡಗಿಗೂ ಪನಾಮಾ, ಲೈಬೀರಿಯಾ ಧ್ವಜ ಯಾಕೆ? (ದಾವಣಗೆರೆ)

ಉತ್ತರ: ಬೆಂಗಳೂರಿನಲ್ಲಿ ಓಡುವ ದುಬಾರಿ ಕಾರಿಗೆ ಪುದುಚೇರಿ ನಂಬರ್ ಪ್ಲೇಟ್ ಇರುತ್ತಿತ್ತಲ್ಲ, ಅದೇ ಕಾರಣ: ತೆರಿಗೆ ಕಡಿಮೆ, ನಿಯಮ ಸಡಿಲ. 2021ರ ಮಾರ್ಚ್‌ನಲ್ಲಿ ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ನೋಡಿ. ಧ್ವಜ ಪನಾಮಾದ್ದು, ಮಾಲೀಕರು ಜಪಾನಿನವರು, ಬಾಡಿಗೆಗೆ ಹಿಡಿದವರು ತೈವಾನಿನವರು, ನೋಡಿಕೊಳ್ಳುವವರು ಜರ್ಮನಿಯವರು, ಸಿಬ್ಬಂದಿ 25 ಜನ, ಎಲ್ಲರೂ ಭಾರತೀಯರು. ನಕ್ಷೆಯಲ್ಲಿ ಕಾಣುವ ಧ್ವಜದಿಂದ ಯಜಮಾನರನ್ನು ಊಹಿಸಬೇಡಿ.

ಪ್ರಶ್ನೆ: ನನ್ನ ಮಗ ಟ್ಯಾಂಕರಿನ ಎಂಜಿನ್ ರೂಮಿನಲ್ಲಿ ಕೆಲಸದಲ್ಲಿದ್ದಾನೆ. ಹಡಗು ಎಲ್ಲಿದೆ ಎಂದು ದಿನಾ ಮೊಬೈಲಿನಲ್ಲಿ ನೋಡುತ್ತೇನೆ. ಕೆಲವು ಸಲ ಎರಡು ಮೂರು ದಿನ ಕಾಣುವುದೇ ಇಲ್ಲ. ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ? (ಕುಮಟಾ)

ಉತ್ತರ: ಅಮ್ಮಾ, ಮೊದಲು ಧೈರ್ಯ ತಂದುಕೊಳ್ಳಿ. ನೀವು ನೋಡುವ ಉಚಿತ ಆ್ಯಪ್ ಹೆಚ್ಚಾಗಿ ದಡದ ಆಂಟೆನಾಗಳಿಗೆ ಸಿಕ್ಕಿದ್ದನ್ನು ಮಾತ್ರ ತೋರಿಸುತ್ತದೆ. ಉಪಗ್ರಹಕ್ಕೆ ಸಿಕ್ಕಿದ್ದಕ್ಕೆ ದುಡ್ಡು ಕೇಳುತ್ತಾರೆ. ಹಡಗು ಅರಬ್ಬೀ ಸಮುದ್ರದ ನಡುವೆ ಹೋದ ಕೂಡಲೇ ನಿಮಗೆ ಕಾಣುವುದು ನಿಲ್ಲುತ್ತದೆ, ದಡ ಹತ್ತಿರವಾದಾಗ ಮತ್ತೆ ಬರುತ್ತದೆ. ಹಡಗಿನ ಹೆಸರಿನ ಕೆಳಗೆ ಕೊನೆಯ ಸಂಕೇತ ಎಷ್ಟು ಹೊತ್ತಿನ ಹಿಂದಿನದು ಎಂದು ಬರೆದಿರುತ್ತದೆ. ಅದು ದಡದಿಂದ ದೂರ ಸರಿಯುವ ದಾರಿಯಲ್ಲೇ ನಿಂತಿದ್ದರೆ ಚಿಂತೆಯ ಮಾತಿಲ್ಲ. ಕಡಲ್ಗಳ್ಳರ ಭಯ, ದಾಳಿಯ ಭಯ ಇರುವ ಕಡೆ ಕ್ಯಾಪ್ಟನ್ ಬೇಕಂತಲೇ ಎಐಎಸ್ ಆರಿಸಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಅದು ನಿಮ್ಮ ಮಗನನ್ನು ಕಾಪಾಡಲಿಕ್ಕೇ. ಹಡಗು ಮರುಭೂಮಿಯ ಮೇಲೆ ಇದ್ದ ಹಾಗೆ ಕಂಡರೂ ಹೆದರಬೇಡಿ, ಅದು ಜಿಪಿಎಸ್ ಕೆಡಿಸಿದ್ದರ ಫಲ.

ಆದರೆ ನಕ್ಷೆಯನ್ನೇ ನಂಬಿ ಕೂರಬೇಡಿ. ಮಗನ ಹತ್ತಿರ ನಾಲ್ಕು ವಿಷಯ ಬರೆಸಿ ಇಟ್ಟುಕೊಳ್ಳಿ: ಹಡಗಿನ ಹೆಸರು, ಅದರ ಐಎಂಒ ಸಂಖ್ಯೆ (ಹಡಗಿಗೆ ಕಾಯಂ ಆಗಿ ಕೊಟ್ಟ ಗುರುತಿನ ಸಂಖ್ಯೆ), ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಹೆಸರು ಮತ್ತು ಅದರ ಲೈಸೆನ್ಸ್ ಸಂಖ್ಯೆ, ಕಂಪನಿಯ ತುರ್ತು ಫೋನ್. ಹೆಸರು ಬದಲಾದರೂ ಐಎಂಒ ಸಂಖ್ಯೆ ಬದಲಾಗುವುದಿಲ್ಲ, ಅದಕ್ಕೇ ಅದು ಮುಖ್ಯ. ಹೇಳಿದ ದಿನಕ್ಕೆ ಬಂದರು ತಲುಪದೆ, ಫೋನೂ ಬಾರದೆ ಇದ್ದರೆ ಮೊದಲು ಕಂಪನಿಗೆ ಕೇಳಿ. ಅವರು ಸರಿಯಾಗಿ ಹೇಳದಿದ್ದರೆ ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ, ಮುಂಬೈಯ ಡಿಜಿ ಶಿಪ್ಪಿಂಗ್ ಕಚೇರಿಗೆ ಕೇಳಿ, ಅಲ್ಲಿ ಹಗಲೂ ರಾತ್ರಿ ನಡೆಯುವ ಸಂಪರ್ಕ ಕೇಂದ್ರ ಇದೆ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಪ್ರೌಢಶಾಲೆಯ ಗಣಿತ ಶಿಕ್ಷಕಿ ನಾನು. ಮಕ್ಕಳಿಗೆ ಇದನ್ನು ಹೇಗೆ ತೋರಿಸಲಿ? (ಶಿರಸಿ)

ಉತ್ತರ: ಮೇಡಂ, ಈಗ ಹೇಳಿದ ಐಎಂಒ ಸಂಖ್ಯೆಯಲ್ಲೇ ಒಂದು ಚಂದದ ಲೆಕ್ಕ ಇದೆ. ಅದು ಏಳು ಅಂಕಿಯದು, ಹಡಗಿನ ಮೈಮೇಲೂ ದೊಡ್ಡದಾಗಿ ಬರೆದಿರುತ್ತದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಬೇಕು. ಬಂದ ಮೊತ್ತದ ಕೊನೆಯ ಅಂಕಿಯೇ ಏಳನೇ ಅಂಕಿ ಆಗಿರಬೇಕು. ಎವರ್ ಗಿವನ್ ಸಂಖ್ಯೆ 9811000. ಒಂಬತ್ತೇಳಲ 63, ಎಂಟಾರಲ 48, ಆಮೇಲೆ 5, 4, ಸೊನ್ನೆ, ಸೊನ್ನೆ. ಒಟ್ಟು 120, ಕೊನೆಗೆ ಸೊನ್ನೆ, ಸರಿಯಾಯಿತು. ಬಾಯಿಗೆ ಬಂದ ಸಂಖ್ಯೆ ಹಾಕಿಕೊಂಡ ಹಡಗು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ನವ ಮಂಗಳೂರು ಬಂದರಿನ ಜಾಲತಾಣ ತೆರೆಯಿರಿ. ಯಾವ ಬರ್ತಿನಲ್ಲಿ ಯಾವ ಹಡಗಿದೆ, ಏನು ಸರಕು, ಎಷ್ಟು ಟನ್ ಎಂಬ ಪಟ್ಟಿಯನ್ನು ಪ್ರಮುಖ ಬಂದರುಗಳು ಹಾಕುತ್ತವೆ. ಒಂದು ವಾರ ಮಕ್ಕಳು ಆ ಪಟ್ಟಿಯನ್ನೂ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ಬರೆದುಕೊಳ್ಳಲಿ. ಎಲ್‌ಪಿಜಿ ತಂದ ಹಡಗು ಯಾವ ದೇಶದಿಂದ ಬಂತು, ಕಲ್ಲಿದ್ದಲು ಎಲ್ಲಿಯದು, ಗೊಬ್ಬರ ಎಲ್ಲಿಯದು ಎಂದು ಹಿಂದಿನ ಬಂದರನ್ನು ಹುಡುಕಲಿ. ಗ್ಯಾಸಿನ ಸಾಲಿನಿಂದ ಶುರು ಮಾಡಿಸಿ, ಅದು ಎಲ್ಲರ ಅಡುಗೆಮನೆಯದು, ಮಕ್ಕಳೇ ಮುಂದಿನ ಪ್ರಶ್ನೆ ಕೇಳುತ್ತಾರೆ.